ಡಬ್ಬದ ಮೇಲಿನ ಬಾಣ, ಕಾಗದದ ಮೇಲಿನ ‘ಖಾಲಿ’

ಪಾರ್ಸೆಲ್ ಡಬ್ಬಗಳ ಪಕ್ಕದಲ್ಲಿ ಮೇಲ್ಮುಖವಾಗಿ ನಿಂತ ಎರಡು ಬಾಣಗಳನ್ನು ನಾವೆಲ್ಲ ನೋಡಿರುತ್ತೇವೆ. ಅದಕ್ಕೆ ಓದು ಬರಹ ಬೇಕಿಲ್ಲ, ಭಾಷೆ ಬೇಕಿಲ್ಲ. ಈ ಕಡೆ ಮೇಲಿರಲಿ, ಅಷ್ಟೇ ಅದರ ಮಾತು. ಇದಕ್ಕಿಂತ ಸುಲಭದ ಗುರುತು ಇನ್ನೊಂದು ಸಿಗುವುದು ಕಷ್ಟ. ಆದರೆ ಒಳಗಿರುವುದು ಅಪಾಯಕಾರಿ ಸರಕಾದರೆ ಗುರುತು ಹೇಳಬೇಕಾದದ್ದು ಇದಕ್ಕಿಂತ ಬಹಳ ಜಾಸ್ತಿ.

1973ರ ನವೆಂಬರ್ 3ರಂದು ಪ್ಯಾನ್ ಆಮ್ ಕಂಪನಿಯ ಸರಕು ವಿಮಾನವೊಂದು ನ್ಯೂಯಾರ್ಕ್‌ನಿಂದ ಯುರೋಪಿನ ಕಡೆ ಹೊರಟಿತು. ಒಳಗೆ ರಾಸಾಯನಿಕಗಳಿದ್ದವು. ಅದರಲ್ಲಿ ನೈಟ್ರಿಕ್ ಆಸಿಡ್ ಬಾಟಲಿಗಳೂ ಇದ್ದವು. ಹೊರಟ ಸ್ವಲ್ಪ ಹೊತ್ತಿಗೆ ಹೊಗೆ ಕಾಣಿಸಿಕೊಂಡಿತು. ಪೈಲಟ್‌ಗಳು ಬಾಸ್ಟನ್ ಕಡೆ ತಿರುಗಿಸಿದರು. ರನ್‌ವೇ ಮುಟ್ಟುವ ಮೊದಲೇ ವಿಮಾನ ಬಿದ್ದು ಒಳಗಿದ್ದ ಮೂವರೂ ಸತ್ತರು. ಆ ಬಾಟಲಿಗಳ ಸುತ್ತ ತುಂಬಿದ್ದು ಮರದ ಹೊಟ್ಟು. ಪೆಟ್ಟಿಗೆಗಳನ್ನು ಜೋಡಿಸಿದ್ದೂ ಸರಿಯಾಗಿರಲಿಲ್ಲ. ನೈಟ್ರಿಕ್ ಆಸಿಡ್ ಸೋರಿ ಹೊಟ್ಟಿಗೆ ತಾಗಿದರೆ ಬೆಂಕಿ ಹಚ್ಚಲು ಕಡ್ಡಿ ಗೀರಬೇಕಿಲ್ಲ. ಎಲ್ಲ ಶುರುವಾಗಿದ್ದು ಅಲ್ಲಿಂದಲೇ ಎಂದು ತನಿಖಾ ಮಂಡಳಿ ನಂಬಿತು.

ಈಗ ಆ ಪೆಟ್ಟಿಗೆಯನ್ನು ಕೈಗೆತ್ತಿಕೊಂಡ ಲೋಡರ್‌ನ ಜಾಗದಲ್ಲಿ ನಿಂತು ನೋಡಿ. ಅವನಿಗೆ ಒಳಗಿನ ಹೊಟ್ಟು ಕಾಣುವುದಿಲ್ಲ. ಪ್ಯಾಕ್ ಮಾಡಿದವನು ಯಾರೋ ಗೊತ್ತಿಲ್ಲ. ಇಬ್ಬರೂ ಎಂದೂ ಭೇಟಿಯಾಗುವುದಿಲ್ಲ. ಪ್ಯಾಕ್ ಮಾಡಿದವನು ಲೋಡರ್‌ಗೆ, ಪೈಲಟ್‌ಗೆ, ಕೊನೆಗೆ ಬೆಂಕಿ ಆರಿಸಲು ಬರುವವನಿಗೆ ಹೇಳಬೇಕಾದದ್ದನ್ನೆಲ್ಲ ಹೊರಗಿನ ಒಂದೆರಡು ಸ್ಟಿಕ್ಕರ್‌ನಲ್ಲೇ ಹೇಳಿ ಮುಗಿಸಬೇಕು. ಅಪಾಯಕಾರಿ ಸರಕಿನ ಗುರುತುಗಳ ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಅನಿವಾರ್ಯದ ಮೇಲೆ. ವ್ಯವಸ್ಥೆ ತುಂಬಾ ಚೆನ್ನಾಗಿದೆ. ಆದರೆ ಅದರ ಪೂರ್ತಿ ಭಾರ ಬೀಳುವುದು ಮೊದಲನೆಯವನ ಮೇಲೆ, ಅಂದರೆ ಕಳಿಸುವವನ ಮೇಲೆ. ಹಿಂದೆ ಈ ಕಳಿಸುವವರು ಕಾರ್ಖಾನೆಯವರು, ತರಬೇತಿ ಪಡೆದವರು. ಈಗ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಬ್ಯಾಟರಿ ಮಾರುವವರೂ ಕಳಿಸುವವರೇ. ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಹಾಕಿಕೊಂಡು ವಿಮಾನ ಹತ್ತುವ ನಾವೂ ಒಂದು ಲೆಕ್ಕದಲ್ಲಿ ಕಳಿಸುವವರೇ.

ಮೊದಲು ಗುರುತುಗಳನ್ನು ನೋಡೋಣ. ಈ ಕಸುಬಿನವರ ಬಾಯಲ್ಲಿ ಅಪಾಯಕಾರಿ ಸರಕಿಗೆ ‘ಡಿಜಿ’ ಅಂತಲೇ ಹೆಸರು. ಮೂಲ ನಿಯಮ ವಿಶ್ವಸಂಸ್ಥೆಯ ತಜ್ಞರ ಸಮಿತಿಯದು. ಅದು ಮೊದಲು ಹೊರಬಂದದ್ದು 1956ರಲ್ಲಿ. ರಟ್ಟಿನ ಬಣ್ಣದಿಂದಾಗಿ ಅದನ್ನು ‘ಕಿತ್ತಳೆ ಪುಸ್ತಕ’ ಅನ್ನುತ್ತಾರೆ. ಅದನ್ನೇ ಆಧಾರ ಮಾಡಿಕೊಂಡು ವಿಮಾನಕ್ಕೆ ವಿಶ್ವಸಂಸ್ಥೆಯದೇ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಸಿಎಒದ ನಿಯಮ, ಹಡಗಿಗೆ ಐಎಂಡಿಜಿ ಕೋಡ್, ರಸ್ತೆಗೆ ಆಯಾ ದೇಶದ ನಿಯಮಗಳು ಬಂದವು. ವಿಮಾನ ಸರಕಿನ ಕೌಂಟರ್‌ಗಳಲ್ಲಿ ದಿನವೂ ತಿರುವಿಹಾಕುವ ದಪ್ಪ ಪುಸ್ತಕ ಮಾತ್ರ ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಸಂಸ್ಥೆಯದು. ಅದರ ಹೊಸ ಆವೃತ್ತಿ ಪ್ರತಿ ಜನವರಿ 1ರಿಂದ ಜಾರಿಗೆ ಬರುತ್ತದೆ. ಹಳೆಯದನ್ನು ಇಟ್ಟುಕೊಂಡು ಪ್ಯಾಕ್ ಮಾಡಿದರೆ ಕೌಂಟರ್‌ನಿಂದಲೇ ವಾಪಸ್.

ಸರಕನ್ನು ಒಂಬತ್ತು ವರ್ಗ ಮಾಡಿದ್ದಾರೆ. ಸ್ಫೋಟಕ, ಗ್ಯಾಸ್, ಉರಿಯುವ ದ್ರವ, ಉರಿಯುವ ಘನವಸ್ತು, ಆಕ್ಸಿಡೈಸರ್, ವಿಷ ಮತ್ತು ಸೋಂಕು, ವಿಕಿರಣ, ಕೊರೆಯುವ ಆಸಿಡ್ ಥರದವು, ಕೊನೆಗೆ ‘ಇತರೆ’. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಒಂದನೇ ವರ್ಗ ಅಂದರೆ ತುಂಬಾ ಅಪಾಯ, ಒಂಬತ್ತು ಅಂದರೆ ಕಡಿಮೆ ಅಪಾಯ ಅಂತ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅಂಕಿ ಅಪಾಯದ ಬಗೆಯನ್ನು ಹೇಳುತ್ತದೆ, ಪ್ರಮಾಣವನ್ನಲ್ಲ. ಲಿಥಿಯಂ ಬ್ಯಾಟರಿ ಇರುವುದು ಒಂಬತ್ತರಲ್ಲೇ.

ಲೇಬಲ್ ಅಂದರೆ ಮೂಲೆಯ ಮೇಲೆ ನಿಂತ ಚೌಕ. ಸಾಮಾನ್ಯವಾಗಿ ಪ್ರತಿ ಬದಿ 100 ಮಿಲಿಮೀಟರ್. ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಕಿತ್ತಳೆ ಅಂದರೆ ಸ್ಫೋಟಕ. ಕೆಂಪು ಅಂದರೆ ಉರಿಯುತ್ತದೆ. ಹಸಿರು ಅಂದರೆ ಉರಿಯದ, ವಿಷವಲ್ಲದ ಗ್ಯಾಸ್. ಹಳದಿ ಅಂದರೆ ಆಕ್ಸಿಡೈಸರ್, ತಾನು ಉರಿಯದಿದ್ದರೂ ಬೇರೆಯದನ್ನು ಉರಿಸುವಂಥದ್ದು. ಈ ಹಳದಿ ಲೇಬಲ್ಲಿನ ಚಿತ್ರ ಒಂದು ವೃತ್ತ, ಅದರ ಮೇಲೆ ಜ್ವಾಲೆ. ಬರೀ ಜ್ವಾಲೆಗೂ ವೃತ್ತದ ಮೇಲಿನ ಜ್ವಾಲೆಗೂ ವ್ಯತ್ಯಾಸ ಒಂದು ಗೆರೆಯಷ್ಟೇ. ಅರ್ಥದಲ್ಲಿ ಮಾತ್ರ ಅಜಗಜಾಂತರ. ಮೊದಲನೆಯದನ್ನು ಗಾಳಿ ಸಿಗದಂತೆ ಮುಚ್ಚಿ ಆರಿಸಬಹುದು. ಎರಡನೆಯದು ಆಮ್ಲಜನಕವನ್ನು ತಾನೇ ಹೊತ್ತು ತಂದಿರುತ್ತದೆ, ಮುಚ್ಚಿ ಏನು ಪ್ರಯೋಜನ?

ಇವುಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ನೀಲಿ. ನೀಲಿ ಹಿನ್ನೆಲೆ, ಮಧ್ಯೆ ಜ್ವಾಲೆ, ಕೆಳಗೆ 4. ಒದ್ದೆಯಾದರೆ ಅಪಾಯ ಅಂತ ಅರ್ಥ. ಬೆಂಕಿ ಕಂಡರೆ ನೀರು ಹಾಕು ಅಂತ ಹುಟ್ಟಿನಿಂದ ಕಲಿತ ಮನುಷ್ಯನಿಗೆ, ನೀರು ಮುಟ್ಟಿಸಬೇಡ ಅಂತ ಹೇಳುವ ಗುರುತು ಇದು. 2025ರ ಮೇ 25ರಂದು ಕೇರಳದ ಕರಾವಳಿಯಾಚೆ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಮುಳುಗಿತು. 640 ಕಂಟೇನರ್‌ಗಳಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಅದು ಈ ನೀಲಿ ಲೇಬಲ್ಲಿನ ಸರಕು. ನೀರು ತಾಗಿದರೆ ಅಸಿಟಿಲೀನ್ ಗ್ಯಾಸ್ ಬರುತ್ತದೆ, ಅದು ಹೊತ್ತಿಕೊಳ್ಳುತ್ತದೆ. ಯಾವುದನ್ನು ನೀರಿನಿಂದ ದೂರ ಇಡಬೇಕಿತ್ತೋ ಅದು ಸಮುದ್ರದ ಪಾಲಾಗಿತ್ತು. ಆಗ ದಡಕ್ಕೆ ತೇಲಿಬರುವ ಡಬ್ಬಗಳ ಹತ್ತಿರ ಹೋಗಬೇಡಿ ಅಂತ ಜನರಿಗೆ ಹೇಳಿದ್ದರು. ಒಳಗೆ ಏನಿದೆ ಅನ್ನುವ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಅಂಥ ಎಚ್ಚರಿಕೆಗೆ ಒಂದು ತಳಹದಿ ಇರುತ್ತದೆ.

ಬಣ್ಣ ಬಗೆಯನ್ನು ಹೇಳಿತು. ವಸ್ತು ಯಾವುದು ಅಂತ ಹೇಳುವುದು ಯುಎನ್ ನಂಬರ್. ನಾಲ್ಕು ಅಂಕಿ. 1203 ಅಂದರೆ ಪೆಟ್ರೋಲ್. 1845 ಅಂದರೆ ಡ್ರೈ ಐಸ್. 1950 ಅಂದರೆ ಸ್ಪ್ರೇ ಡಬ್ಬಿಗಳು. 1266 ಅಂದರೆ ಸುಗಂಧದ್ರವ್ಯ. ಹೆಸರು ಬರೆಯುವ ಬದಲು ನಂಬರ್ ಯಾಕೆ? ಒಂದೇ ವಸ್ತುವಿಗೆ ಅಂಗಡಿಯಲ್ಲಿ ಒಂದು ಹೆಸರು, ಪಠ್ಯಪುಸ್ತಕದಲ್ಲಿ ಇನ್ನೊಂದು, ಬೇರೆ ಭಾಷೆಯಲ್ಲಿ ಮತ್ತೊಂದು. ನಂಬರ್ ಎಲ್ಲ ಕಡೆ ಒಂದೇ.

ಯುರೋಪ್ ಮತ್ತಿತರ ಕಡೆ ಟ್ಯಾಂಕರ್ ಲಾರಿಗಳ ಹಿಂದೆ ಕಿತ್ತಳೆ ಬಣ್ಣದ ಫಲಕ ಇರುತ್ತದಲ್ಲ, ಅದರಲ್ಲಿ ಕೆಳಗಿನ ಸಾಲು ಇದೇ ಯುಎನ್ ನಂಬರ್. ಮೇಲಿನ ಸಾಲು ಅಪಾಯದ ಸಂಕೇತ. ಪೆಟ್ರೋಲ್‌ಗೆ ಮೇಲೆ 33 ಅಂತ ಇರುತ್ತದೆ. 3 ಅಂದರೆ ಉರಿಯುವ ದ್ರವ. ಅಂಕಿ ಎರಡು ಸಲ ಬಂದರೆ ಅಪಾಯ ಜೋರು. ಮುಂದೆ ‘ಎಕ್ಸ್’ ಅಕ್ಷರ ಇದ್ದರೆ ನೀರು ಹಾಕಬೇಡ ಅಂತ. ಯಾರು ಯೋಚಿಸಿದರೋ, ಚೆನ್ನಾಗಿ ಯೋಚಿಸಿದ್ದಾರೆ. ಅಗ್ನಿಶಾಮಕದವನು ದೂರದಲ್ಲೇ ನಿಂತು ಓದಿಕೊಳ್ಳಬಹುದು.

ಈ ಯುಎನ್ ನಂಬರ್‌ಗಳಲ್ಲಿ ಒಂದು ಕೊರತೆ ಇದೆ. ಹೋಲಿಕೆಗೆ ವಿಮಾನ ಸರಕಿನ ಏರ್ ವೇ ಬಿಲ್, ಅಂದರೆ ಸಾಗಣೆ ಚೀಟಿಯ ನಂಬರ್ ನೋಡಿ. ಮೊದಲ ಮೂರು ಅಂಕಿ ವಿಮಾನ ಕಂಪನಿಯದು, ಆಮೇಲೆ ಎಂಟು. ಆ ಎಂಟರಲ್ಲಿ ಮೊದಲ ಏಳನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಎಂಟನೆಯದು. 1234567 ಅನ್ನು 7ರಿಂದ ಭಾಗಿಸಿದರೆ ಶೇಷ 5. ಹಾಗಾಗಿ ನಂಬರ್ 12345675. ಟೈಪ್ ಮಾಡುವಾಗ ಒಂದಂಕಿ ತಪ್ಪಿದರೆ ಕಂಪ್ಯೂಟರ್ ಸಾಮಾನ್ಯವಾಗಿ ಹಿಡಿದುಬಿಡುತ್ತದೆ. ಯುಎನ್ ನಂಬರ್‌ಗೆ ಇಂಥ ಕಾವಲು ಅಂಕಿ ಇಲ್ಲ. 1203 ಪೆಟ್ರೋಲ್, 1202 ಡೀಸೆಲ್. 3480 ಬಿಡಿ ಲಿಥಿಯಂ ಅಯಾನ್ ಬ್ಯಾಟರಿ, 3481 ಸಾಧನದ ಜೊತೆ ಅಥವಾ ಸಾಧನದ ಒಳಗೆ ಇರುವ ಅದೇ ಬ್ಯಾಟರಿ. ಒಂದಂಕಿ ಆಚೀಚೆಯಾದರೆ ಸರಕು ಹತ್ತಬೇಕಾದ ವಿಮಾನವೇ ಬದಲಾಗುತ್ತದೆ. ಬಿಲ್ಲಿನ ನಂಬರ್ ತನ್ನ ತಪ್ಪನ್ನು ತಾನೇ ಹೇಳುತ್ತದೆ. ಅಪಾಯದ ನಂಬರ್ ಹೇಳುವುದಿಲ್ಲ. ಅದರ ಜೊತೆ ವಸ್ತುವಿನ ಪೂರ್ತಿ ಅಧಿಕೃತ ಹೆಸರನ್ನೂ ಬರೆಯಬೇಕು ಅಂತ ನಿಯಮ ಇರುವುದು ಒಳ್ಳೆಯದೇ ಆಯಿತು. ಎರಡೂ ಹೊಂದಿಕೆಯಾಗದಿದ್ದರೆ ಕೌಂಟರ್‌ನವರಿಗೆ ಅನುಮಾನ ಬರುತ್ತದೆ.

ಚಿತ್ರಗಳ ಕಥೆ ಬೇರೆ. ಜೈವಿಕ ಅಪಾಯದ ಆ ಮೂರು ಕೊಂಬಿನ ಗುರುತು ಹುಟ್ಟಿದ್ದು 1966ರಲ್ಲಿ, ಡೌ ಕೆಮಿಕಲ್ ಕಂಪನಿಯಲ್ಲಿ. ಎಂಜಿನಿಯರ್ ಚಾರ್ಲ್ಸ್ ಬಾಲ್ಡ್ವಿನ್ ಮತ್ತು ಜೊತೆಗಾರರಿಗೆ ಬೇಕಿದ್ದದ್ದು ವಿಚಿತ್ರವಾದ ವಸ್ತು. ನೋಡಿದರೆ ಯಾವ ಅರ್ಥವೂ ಹೊಳೆಯಬಾರದು, ಆದರೆ ಮರೆಯಲೂ ಬಾರದು. ಹಲವು ಚಿತ್ರಗಳನ್ನು ಜನರಿಗೆ ತೋರಿಸಿ ಪರೀಕ್ಷೆ ಮಾಡಿದರು. ಇದರ ಅರ್ಥ ಏನಿರಬಹುದು ಅಂತ ಊಹಿಸಲು ಆಗದಿದ್ದದ್ದು, ಆದರೆ ಆಮೇಲೆ ನೆನಪಿನಲ್ಲಿ ಉಳಿದದ್ದು ಇದೇ. ಖಾಲಿ ಪಾತ್ರೆ ಹುಡುಕಿ, ಅದಕ್ಕೆ ಅರ್ಥವನ್ನು ಆಮೇಲೆ ಸುರಿದರು ಅನ್ನಿ.

ಅರ್ಥ ಸುರಿಯಬೇಕಾದರೆ ಕಲಿಸುವವರು ಬೇಕು, ಕಲಿಯುವವರೂ ಬೇಕು. ವಿಕಿರಣದ ಮೂರು ಎಸಳಿನ ಗುರುತು 1946ರಿಂದ ಇದೆ. 2000ದಲ್ಲಿ ಥಾಯ್ಲೆಂಡ್‌ನ ಸಮುತ್ ಪ್ರಕಾನ್‌ನಲ್ಲಿ ಗುಜರಿಗೆ ಬಂದ ಹಳೆಯ ಚಿಕಿತ್ಸಾ ಯಂತ್ರದ ಭಾಗವೊಂದನ್ನು ಬಿಚ್ಚಿದರು. ಒಳಗೆ ಕೋಬಾಲ್ಟ್-60. ಮೂವರು ಸತ್ತರು. ಮೂರು ಎಸಳಿನ ಗುರುತು ಅದರ ಮೇಲಿತ್ತು. ಬಿಚ್ಚಿದವರಿಗೆ ಅದು ಫ್ಯಾನಿನ ರೆಕ್ಕೆಯಂತೆ ಕಂಡಿದ್ದರೂ ಆಶ್ಚರ್ಯವಿಲ್ಲ. ಕೊನೆಗೆ 2007ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಐಎಸ್‌ಒ ಸಂಸ್ಥೆಯೂ ಸೇರಿ ಇನ್ನೊಂದು ಗುರುತು ತಂದವು. ಕೆಂಪು ತ್ರಿಕೋನದಲ್ಲಿ ಮೇಲೆ ಎಸಳು, ಅದರಿಂದ ಇಳಿಯುವ ಅಲೆಗಳು, ಕೆಳಗೆ ತಲೆಬುರುಡೆ, ಓಡಿಹೋಗುವ ಮನುಷ್ಯ. 11 ದೇಶಗಳಲ್ಲಿ ಪರೀಕ್ಷಿಸಿ ಆರಿಸಿದ್ದು. ಇದನ್ನು ಡಬ್ಬದ ಹೊರಗೆ ಅಂಟಿಸುವುದಿಲ್ಲ, ಸಾಧನದ ಒಳಗಡೆ, ಬಿಚ್ಚುವವನಿಗೆ ಕಾಣುವಲ್ಲಿ ಹಾಕುತ್ತಾರೆ. ಯಾರು ಓದುತ್ತಾರೆ ಅಂತ ಮೊದಲೇ ಯೋಚಿಸಿ ಮಾಡಿದ ಗುರುತು ಅಂದರೆ ಇದು.

ಅಂದ ಹಾಗೆ, ಬಾಟಲಿಗಳ ಮೇಲೆ ಕಾಣುವ ಕೆಂಪು ಅಂಚಿನ, ಬಿಳಿ ಒಡಲಿನ ಚೌಕಗಳು ಬೇರೆ ಪದ್ಧತಿಯವು. ಅವು ಬಳಸುವವರಿಗೆ. ಬಣ್ಣ ತುಂಬಿದವು ಸಾಗಿಸುವವರಿಗೆ. ಎರಡನ್ನೂ ಒಂದೇ ಅಂದುಕೊಂಡು ಕಿತ್ತು ಅಂಟಿಸುವವರಿದ್ದಾರೆ.

ಇನ್ನು ಡಬ್ಬದ ಮೂಲೆಯಲ್ಲಿ ಯಾರೂ ಓದದ ಒಂದು ಸಾಲು. ವೃತ್ತದೊಳಗೆ ‘ಯುಎನ್’ ಅಕ್ಷರ, ಪಕ್ಕದಲ್ಲಿ ಹೀಗೆ: 4ಜಿ/ವೈ12/ಎಸ್/25. 4 ಅಂದರೆ ಪೆಟ್ಟಿಗೆ. ಜಿ ಅಂದರೆ ರಟ್ಟು. ಹಾಗೇ ಉಕ್ಕಿನ ಡ್ರಮ್ಮಿಗೆ 1ಎ, ಪ್ಲಾಸ್ಟಿಕ್ ಕ್ಯಾನಿಗೆ 3ಎಚ್. 12 ಅಂದರೆ ಒಟ್ಟು ತೂಕ 12 ಕಿಲೋ ಮೀರಬಾರದು. ಎಸ್ ಅಂದರೆ ಘನವಸ್ತು ಅಥವಾ ಒಳಗೆ ಇನ್ನೊಂದು ಪ್ಯಾಕಿಂಗ್ ಇರುವಂಥದ್ದು. 25 ಅಂದರೆ ತಯಾರಾದ ವರ್ಷ. ಸ್ವಾರಸ್ಯ ಇರುವುದು ‘ವೈ’ಯಲ್ಲಿ. ಅದು ಡಬ್ಬದ ಗಟ್ಟಿತನದ ಮಟ್ಟ. ಎಕ್ಸ್ ಅಂದರೆ ಅತಿ ಅಪಾಯದ ಸರಕಿಗೂ ಆಗುತ್ತದೆ, ವೈ ಮಧ್ಯಮ, ಝಡ್ ಕಡಿಮೆ. ಈ ಅಕ್ಷರ ಸುಮ್ನೆ ಸಿಗುವುದಿಲ್ಲ. ಮಾದರಿ ಡಬ್ಬವನ್ನು ತುಂಬಿ ಎತ್ತರದಿಂದ ಬೀಳಿಸುತ್ತಾರೆ. ಸಾಮಾನ್ಯವಾಗಿ ಎಕ್ಸ್‌ಗೆ 1.8 ಮೀಟರ್, ವೈಗೆ 1.2, ಝಡ್‌ಗೆ 0.8. ಒಳಗಿನದ್ದು ಹೊರಗೆ ಬರಬಾರದು. ಅಂದರೆ ಆ ಸಾಲು ಒಂದು ಪ್ರಮಾಣಪತ್ರ. ಅಂಥ ಡಬ್ಬ ಸಿಕ್ಕಿತೆಂದು ಅದಕ್ಕೆ ಬೇರೆ ಬಾಟಲಿ ತುಂಬಿ, ಬೇರೆ ಟೇಪ್ ಸುತ್ತಿ ಕಳಿಸಿದರೆ ಬೀಳಿಸಿ ನೋಡಿದ ಡಬ್ಬಕ್ಕೂ ಇದಕ್ಕೂ ಸಂಬಂಧ ಇರುವುದಿಲ್ಲ. ಸಾಲು ಮಾತ್ರ ಹಾಗೇ ಉಳಿದಿರುತ್ತದೆ.

ವಿಮಾನದ ಲೋಕಕ್ಕೆ ತನ್ನದೇ ಮೂರಕ್ಷರದ ಭಾಷೆ ಇದೆ. ಸರಕಿನ ಪಟ್ಟಿಯಲ್ಲಿ ಎವಿಐ ಅಂದರೆ ಜೀವಂತ ಪ್ರಾಣಿ. ಎಚ್‌ಯುಎಂ ಅಂದರೆ ಶವ. ಇಎಟಿ ಅಂದರೆ ತಿನ್ನುವ ಪದಾರ್ಥ. ಐಸಿಇ ಅಂದರೆ ಡ್ರೈ ಐಸ್. ಆರ್‌ಎಫ್‌ಎಲ್ ಅಂದರೆ ಉರಿಯುವ ದ್ರವ. ಆರ್‌ಪಿಬಿ ಅಂದರೆ ವಿಷ. ಈ ಅಕ್ಷರಗಳ ನಿಜವಾದ ಕೆಲಸ ಪಕ್ಕ ಪಕ್ಕ ಇಡುವಾಗ ಶುರುವಾಗುತ್ತದೆ. ವಿಷದ ಪಕ್ಕ ಆಹಾರ ಇಡುವಂತಿಲ್ಲ. ನಾಯಿಮರಿಯ ಬೋನಿನ ಹತ್ತಿರ ಡ್ರೈ ಐಸ್ ಇಡುವಂತಿಲ್ಲ. ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ನೇರ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಂದು ಕಿಲೋದಿಂದ 500 ಲೀಟರಿಗೂ ಜಾಸ್ತಿ ಗ್ಯಾಸ್. ಮುಚ್ಚಿದ ಜಾಗದಲ್ಲಿ ಅದು ಗಾಳಿಗಿಂತ ಭಾರವಾಗಿ ಕೆಳಗೆ ಕೂರುತ್ತದೆ, ಬೋನು ಇರುವುದೂ ಕೆಳಗೇ. ಡ್ರೈ ಐಸ್ ಪಾರ್ಸೆಲ್ಲಿನ ಮೇಲೆ ಒಳಗೆ ಎಷ್ಟು ಕಿಲೋ ಇದೆ ಅಂತ ಬರೆಯಲೇಬೇಕು ಅನ್ನುವುದು ಇದಕ್ಕೇ.

ಹೊರಡುವ ಮುಂಚೆ ಇದೆಲ್ಲ ಒಂದು ಕಾಗದವಾಗಿ ಕ್ಯಾಪ್ಟನ್ ಕೈ ಸೇರುತ್ತದೆ. ಅದಕ್ಕೆ ನೋಟಾಕ್ ಅನ್ನುತ್ತಾರೆ. ಯಾವ ಡಿಜಿ, ಎಷ್ಟು, ವಿಮಾನದ ಯಾವ ಜಾಗದಲ್ಲಿ. ಆಕಾಶದಲ್ಲಿ ಹೊಗೆ ಬಂದಾಗ ಡಬ್ಬ ತೆರೆದು ನೋಡಲಾಗುವುದಿಲ್ಲ. ಕ್ಯಾಪ್ಟನ್‌ಗೆ ಆ ಕಾಗದವೇ ಕಣ್ಣು. ಆದರೆ ಅದರಲ್ಲಿ ಬರುವುದು ಕಳಿಸಿದವನು ಹೇಳಿದ್ದು ಮಾತ್ರ.

ಈಗ 1996ರ ಮೇ 11ಕ್ಕೆ ಬರೋಣ. ಮಯಾಮಿಯಿಂದ ಅಟ್ಲಾಂಟಾಗೆ ಹೊರಟ ವ್ಯಾಲ್ಯೂಜೆಟ್ 592 ವಿಮಾನ ಹತ್ತು ನಿಮಿಷದಲ್ಲಿ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 110 ಜನ ಸತ್ತರು. ಕೆಳಗಿನ ಕಾರ್ಗೋ ಜಾಗದಲ್ಲಿ ಐದು ರಟ್ಟಿನ ಡಬ್ಬಗಳಿದ್ದವು. ಅವುಗಳಲ್ಲಿ ಪ್ರಯಾಣಿಕರ ಮಾಸ್ಕಿಗೆ ಆಮ್ಲಜನಕ ಕೊಡುವ ರಾಸಾಯನಿಕ ಜನರೇಟರ್‌ಗಳು ಇದ್ದವು. ಬೇರೆ ವಿಮಾನಗಳಿಂದ ಬಿಚ್ಚಿದವು, ಬಳಕೆಯ ಅವಧಿ ಮುಗಿದವು. ಒಂದು ಪಿನ್ನು ಬಡಿದರೆ ಒಳಗೆ ರಾಸಾಯನಿಕ ಕ್ರಿಯೆ ಶುರುವಾಗುತ್ತದೆ. ಆಮ್ಲಜನಕ ಬರುತ್ತದೆ, ಜೊತೆಗೆ ಡಬ್ಬಿಯ ಮೈ ಸುಡುವಷ್ಟು ಕಾಯುತ್ತದೆ. ಪಿನ್ನು ಬಡಿಯದಂತೆ ತಡೆಯುವ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕಿತ್ತು. ಹಾಕಿರಲಿಲ್ಲ. ಕಾಗದದಲ್ಲಿ ಬರೆದದ್ದು ಏನು ಗೊತ್ತಾ? ‘ಆಕ್ಸಿ ಕ್ಯಾನಿಸ್ಟರ್, ಖಾಲಿ’.

ಖಾಲಿ! ಅವಧಿ ಮುಗಿದಿತ್ತು, ಖಾಲಿಯಾಗಿರಲಿಲ್ಲ. ಎರಡೂ ಬೇರೆ ಬೇರೆ ಮಾತು. ಅವಧಿ ಮುಗಿದ ಮಾತ್ರೆ ಡಬ್ಬಿಯೊಳಗೆ ಮಾತ್ರೆ ಇದ್ದೇ ಇರುತ್ತದೆ ಅಲ್ವಾ? ಹಾಗೆಯೇ. ಬರೆದವನಿಗೆ ಕೆಟ್ಟ ಉದ್ದೇಶ ಇತ್ತು ಅಂತ ಹೇಳಲು ಏನೂ ಇಲ್ಲ. ಅವನಿಗೆ ಅದು ಏನೆಂದೇ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಅವನ ಆ ಒಂದು ಪದ ಮುಂದಿನ ಎಲ್ಲ ಕೈಗಳನ್ನೂ ದಾಟಿತು. ‘ಖಾಲಿ’ ಅಂತ ಇದ್ದ ಮೇಲೆ ಹಳದಿ ಲೇಬಲ್ ಯಾಕೆ, ನೋಟಾಕ್ ಯಾಕೆ ಅಂತ ಯಾರೂ ಕೇಳಲಿಲ್ಲ. ಇಲ್ಲಿ ಗುರುತು ಸೋಲಲಿಲ್ಲ, ಗುರುತು ಬರಲೇ ಇಲ್ಲ.

ಅದಕ್ಕೇ ಈ ಕಸುಬಿನಲ್ಲಿ ಪಳಗಿದವರು ಲೇಬಲ್ ಇರುವ ಡಬ್ಬಕ್ಕಿಂತ ಲೇಬಲ್ ಇಲ್ಲದ ಡಬ್ಬಕ್ಕೆ ಜಾಸ್ತಿ ಹೆದರುತ್ತಾರೆ. ಸರಕಿನ ವಿವರ ಓದುವಾಗಲೇ ಅವರ ಕಿವಿ ನೆಟ್ಟಗಾಗುತ್ತದೆ. ‘ಕಾರಿನ ಬಿಡಿಭಾಗ’ ಅಂದರೆ ಏರ್‌ಬ್ಯಾಗ್ ಇರಬಹುದು, ಬ್ಯಾಟರಿ ಇರಬಹುದು. ‘ಕ್ಯಾಂಪಿಂಗ್ ಸಾಮಾನು’ ಅಂದರೆ ಗ್ಯಾಸ್ ಡಬ್ಬಿ. ‘ಹೆಪ್ಪುಗಟ್ಟಿಸಿದ ಹಣ್ಣು’ ಅಂದರೆ ಡ್ರೈ ಐಸ್. ‘ಮನೆ ಸಾಮಾನು’ ಅಂದರೆ ಬಣ್ಣ, ಸ್ಪ್ರೇ, ಬ್ಲೀಚಿಂಗ್ ಪೌಡರ್, ಏನು ಬೇಕಾದರೂ. ಇಂಥ ಅನುಮಾನದ ಪದಗಳ ಪಟ್ಟಿಯೇ ಐಎಟಿಎ ಪುಸ್ತಕದಲ್ಲಿದೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ತುಂಬಾ ಬುದ್ಧಿವಂತಿಕೆಯ ಪುಟಗಳು ಅವು. ಜನ ಸುಳ್ಳು ಹೇಳುವುದಕ್ಕಿಂತ ಜಾಸ್ತಿ ಸಲ ಗೊತ್ತಿಲ್ಲದೆ ಅರ್ಧ ಸತ್ಯ ಹೇಳುತ್ತಾರೆ ಅನ್ನುವುದು ಅದನ್ನು ಬರೆದವರಿಗೆ ಗೊತ್ತು.

ಇದೇ ತೊಂದರೆ ಈಗ ಬ್ಯಾಟರಿಯ ರೂಪದಲ್ಲಿ ಬಂದಿದೆ. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್ 6 ಎಂಬ ಸರಕು ವಿಮಾನದಲ್ಲಿ ಬೆಂಕಿ ಹತ್ತಿತು. ಹೊಗೆಯಿಂದ ಪೈಲಟ್‌ಗಳಿಗೆ ಮುಂದಿನ ಮೀಟರ್‌ಗಳೇ ಕಾಣದಾದವು. ವಾಪಸ್ ಬರುವ ಪ್ರಯತ್ನದಲ್ಲಿ ಇಬ್ಬರೂ ಸತ್ತರು. ಸರಕಿನಲ್ಲಿ 81,000ಕ್ಕೂ ಹೆಚ್ಚು ಲಿಥಿಯಂ ಬ್ಯಾಟರಿಗಳಿದ್ದವು. ಕಡೇಪಕ್ಷ ಮೂರು ಕನ್‌ಸೈನ್‌ಮೆಂಟ್‌ಗಳನ್ನು ಒಂಬತ್ತನೇ ವರ್ಗದ ಡಿಜಿ ಅಂತ ಘೋಷಿಸಬೇಕಿತ್ತು, ಘೋಷಿಸಿರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು.

ಆಮೇಲೆ ನಿಯಮಗಳು ಒಂದರ ಹಿಂದೆ ಒಂದು ಬಂದವು. 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವಂತಿಲ್ಲ. ಸರಕು ವಿಮಾನದಲ್ಲಾದರೆ ಚಾರ್ಜ್ ಶೇ 30 ಮೀರಬಾರದು. ಡಬ್ಬದ ಮೇಲೆ ‘ಸರಕು ವಿಮಾನಕ್ಕೆ ಮಾತ್ರ’ ಅನ್ನುವ ಕಿತ್ತಳೆ ಲೇಬಲ್ ಬೇಕು. ಒಂಬತ್ತನೇ ವರ್ಗದ ಲೇಬಲ್ಲಿನಲ್ಲಿ ಮೊದಲು ಇದ್ದದ್ದು ಮೇಲರ್ಧದಲ್ಲಿ ಏಳು ಕಪ್ಪು ಪಟ್ಟೆ ಅಷ್ಟೇ. ಬ್ಯಾಟರಿಗಾಗಿಯೇ ಕೆಳಗೆ ಒಡೆದು ಉರಿಯುವ ಬ್ಯಾಟರಿಯ ಚಿತ್ರ ಸೇರಿಸಿದರು. 2019ರ ಜನವರಿ 1ರಿಂದ ಅದು ಕಡ್ಡಾಯ. ಸಣ್ಣ ಬ್ಯಾಟರಿಗಳಿಗೆ ಕೆಂಪು ಗೀಟಿನ ಅಂಚಿರುವ ಬೇರೆ ಗುರುತು. ಅದರಲ್ಲಿ ಮೊದಲು ಒಂದು ಫೋನ್ ನಂಬರ್ ಬರೆಯಬೇಕಿತ್ತು. 2023ರಿಂದ ಫೋನ್ ನಂಬರ್ ಬೇಡ ಎಂದರು. ಹಳೆಯ ಸ್ಟಿಕ್ಕರ್ ಉಳಿದವರಿಗೆ 2026ರ ಡಿಸೆಂಬರ್ 31ರವರೆಗೆ ಸಮಯ. 2025ರಲ್ಲಿ ಸೋಡಿಯಂ ಅಯಾನ್ ಬ್ಯಾಟರಿಗಳೂ ಸಾಲಿಗೆ ಸೇರಿದವು, ಯುಎನ್ ನಂಬರ್ 3551 ಮತ್ತು 3552. ಹಾಗಾಗಿ ‘ಲಿಥಿಯಂ ಬ್ಯಾಟರಿ ಗುರುತು’ ಬರೀ ‘ಬ್ಯಾಟರಿ ಗುರುತು’ ಆಯಿತು.

ಒಂದೊಂದು ಬದಲಾವಣೆಗೂ ಕಾರಣ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ತಿಂಗಳಿಗೆ ನಾಲ್ಕು ಪಾರ್ಸೆಲ್ ಕಳಿಸುವ ಸಣ್ಣ ವ್ಯಾಪಾರಿಯ ಕಡೆಯಿಂದ ನೋಡಿ. ದುಬಾರಿ ಪುಸ್ತಕ ವರ್ಷ ವರ್ಷ ಕೊಳ್ಳಬೇಕು. ಬ್ಯಾಟರಿ ಬಿಡಿಯೋ, ಸಾಧನದ ಜೊತೆಯೋ, ಸಾಧನದ ಒಳಗೋ ಅಂತ ನೋಡಬೇಕು. ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಎಷ್ಟು ವ್ಯಾಟ್ ಅವರ್ ಅಂತ ಲೆಕ್ಕ ಹಾಕಬೇಕು. ಇಷ್ಟರಲ್ಲಿ ಬೇಸತ್ತವನಿಗೆ ‘ಮೊಬೈಲ್ ಬಿಡಿಭಾಗ’ ಅಂತ ಬರೆದುಬಿಡುವುದು ಎಷ್ಟು ಸುಲಭ! ನಿಯಮ ಕಷ್ಟವಾದಷ್ಟೂ ಒಳ್ಳೆಯವರು ಬಿಗಿಯಾಗುತ್ತಾರೆ, ಉಳಿದವರು ಮಾಯವಾಗುತ್ತಾರೆ. ಪಟ್ಟಿಗೆ ಇನ್ನೊಂದು ಸ್ಟಿಕ್ಕರ್ ಸೇರಿಸುವುದಕ್ಕಿಂತ, ಆನ್‌ಲೈನ್ ಅಂಗಡಿಯಲ್ಲಿ ಮಾರುವವನು ವಸ್ತುವಿನ ಹೆಸರು ಹಾಕುವಾಗಲೇ ‘ಇದರಲ್ಲಿ ಬ್ಯಾಟರಿ ಇದೆಯಾ’ ಅಂತ ಕೇಳಿ ಸರಿಯಾದ ಗುರುತನ್ನು ತಾನೇ ಮುದ್ರಿಸಿಕೊಡುವ ವ್ಯವಸ್ಥೆ ಜಾಸ್ತಿ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಪ್ರಯಾಣಿಕರ ಕಥೆ ಇನ್ನೂ ಹತ್ತಿರದ್ದು. ಪವರ್ ಬ್ಯಾಂಕ್ ಅಂದರೆ ನಿಯಮದ ಪ್ರಕಾರ ಬಿಡಿ ಬ್ಯಾಟರಿ. ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಕೆಳಗೆ ಹೊತ್ತಿಕೊಂಡರೆ ಯಾರಿಗೂ ಕಾಣುವುದಿಲ್ಲ, ಪಕ್ಕದಲ್ಲೇ ಹೊತ್ತಿಕೊಂಡರೆ ಏನಾದರೂ ಮಾಡಬಹುದು ಅನ್ನುವುದು ಇದರ ಹಿಂದಿನ ಯೋಚನೆ. ಮಿತಿ 100 ವ್ಯಾಟ್ ಅವರ್. 100ರಿಂದ 160ರವರೆಗಿನವಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಆದರೆ ಅಂಗಡಿಯಲ್ಲಿ ದೊಡ್ಡದಾಗಿ ಬರೆಯುವುದು ಎಂಎಎಚ್, ಅಂದರೆ ಮಿಲಿಆಂಪಿಯರ್ ಅವರ್! ಲೆಕ್ಕ ನೀವೇ ಮಾಡಬೇಕು. ನನ್ನ ಮೇಜಿನ ಮೇಲಿರುವುದು 20,000 ಎಂಎಎಚ್. ಅದನ್ನು 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿದರೆ 74. ಪರವಾಗಿಲ್ಲ. 5 ವೋಲ್ಟ್‌ನಿಂದ ಗುಣಿಸಿದರೆ 100 ಬಂದು ಸುಮ್ಮನೆ ಗಾಬರಿಯಾಗುತ್ತದೆ. ಆ 5 ಹೊರಗೆ ಬರುವ ವೋಲ್ಟೇಜ್, ಒಳಗಿನ ಬ್ಯಾಟರಿಯದಲ್ಲ. ಇದನ್ನು ಕಂಡುಹಿಡಿಯಲು ನಾನು ಅದರ ಹಿಂಬದಿಯ ಬೂದು ಅಕ್ಷರಗಳನ್ನು ಟಾರ್ಚ್ ಹಿಡಿದು ಓದಬೇಕಾಯಿತು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೂದು ಬಣ್ಣದಲ್ಲಿ, ಇರುವೆ ಗಾತ್ರದಲ್ಲಿ ಮುದ್ರಿಸಿದ್ದಾರೆ. ಜೇಬಿನಲ್ಲಿ ಉಜ್ಜಿ ಅರ್ಧ ಅಳಿಸಿದೆ. ದೂರದಿಂದ ಓದಲಿ ಅಂತ 100 ಮಿಲಿಮೀಟರ್ ಚೌಕ ಮಾಡಿದ ಅದೇ ಲೋಕ, ನಮ್ಮ ಕೈಗೆ ಕೊಡುವ ಗುರುತಿಗೆ ಇಷ್ಟೇ ಜಾಗ ಬಿಟ್ಟಿದೆ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ಹೊರಡಲು ನಿಂತಿತ್ತು. ಮೇಲಿನ ಲಗೇಜ್ ಗೂಡಿನಿಂದ ಬೆಂಕಿ ಬಂತು. ಒಳಗಿದ್ದ 176 ಜನರೂ ಪಾರಾದರು, ವಿಮಾನದ ಮೇಲ್ಭಾಗ ಸುಟ್ಟುಹೋಯಿತು. ತನಿಖೆಯವರ ಬೆರಳು ತಿರುಗಿದ್ದು ಪವರ್ ಬ್ಯಾಂಕಿನ ಕಡೆ. ಮಾರ್ಚ್ 1ರಿಂದ ಅಲ್ಲಿ ಪವರ್ ಬ್ಯಾಂಕನ್ನು ಮೇಲಿನ ಗೂಡಿನಲ್ಲಿ ಇಡುವಂತಿಲ್ಲ. ಜೂನ್ 28ರಿಂದ ಚೀನಾ ತನ್ನ ಒಳನಾಡಿನ ವಿಮಾನಗಳಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಅಲ್ಲಿನ 3ಸಿ ಸುರಕ್ಷತಾ ಗುರುತು ಸ್ಪಷ್ಟವಾಗಿ ಕಾಣದ ಪವರ್ ಬ್ಯಾಂಕ್ ಒಳಗೆ ಬಿಡುವುದಿಲ್ಲ. ಉಜ್ಜಿ ಅಳಿಸಿದ್ದರೂ ಇಲ್ಲ. ಅಂದರೆ ಕಾರ್ಗೋ ಕೌಂಟರ್‌ನ ತರ್ಕವೇ ಪ್ರಯಾಣಿಕರ ಸಾಲಿಗೂ ಬಂತು: ಓದಲಾಗದ ಗುರುತು ಇದ್ದೂ ಇಲ್ಲದ ಹಾಗೆ.

ಇದಕ್ಕೆ ತಿರುಗುಮುರುಗಾದ ತಪ್ಪೂ ಒಂದಿದೆ. ಬೇಡದ ಕಡೆ ಲೇಬಲ್ ಇರುವುದು. ಮೊನ್ನೆ ಗೆಳೆಯನಿಗೆ ಪುಸ್ತಕ ಕಳಿಸಲು ಮನೆಯಲ್ಲಿದ್ದ ಗಟ್ಟಿ ಡಬ್ಬ ಹುಡುಕಿದೆ. ಯಾವುದೋ ಸಾಧನ ಬಂದ ಡಬ್ಬ, ಪಕ್ಕದಲ್ಲಿ ಕೆಂಪು ಗೀಟಿನ ಬ್ಯಾಟರಿ ಗುರುತು, ಒಳಗೆ 3481. ಕೊರಿಯರ್ ಕೌಂಟರ್‌ನ ಹುಡುಗಿ ಡಬ್ಬ ತಿರುಗಿಸಿ ನೋಡಿದವಳೇ, ‘ಬ್ಯಾಟರಿ ಇದೆಯಾ ಸರ್?’ ಅಂದಳು. ಇಲ್ಲಮ್ಮ, ಬರೀ ಪುಸ್ತಕ ಅಂದೆ. ‘ಹಾಗಾದ್ರೆ ಇದು ಇರಬಾರದು’ ಅಂತ ಡಬ್ಬ ಹಿಂದಕ್ಕೆ ತಳ್ಳಿದಳು. ನನಗೆ ಸ್ವಲ್ಪ ಸಿಟ್ಟೂ ಬಂತು. ಹಿಂದೆ ಸಾಲು ಬೇರೆ ಇತ್ತು. ಆದರೆ ಅವಳದೇ ಸರಿ. ಒಳಗೆ ಇಲ್ಲದ್ದನ್ನು ಹೇಳುವ ಗುರುತನ್ನು ತೆಗೆಯಬೇಕು ಅಥವಾ ಪೂರ್ತಿ ಮುಚ್ಚಬೇಕು ಅಂತ ನಿಯಮದಲ್ಲೇ ಇದೆ. ಇಂಥ ಹತ್ತು ಸುಳ್ಳು ಗುರುತು ನೋಡಿದ ಲೋಡರ್ ಹನ್ನೊಂದನೆಯದನ್ನು ಯಾಕೆ ನಂಬುತ್ತಾನೆ?

ಉಗುರಿನಿಂದ ಕೆರೆದೆ. ಬರಲಿಲ್ಲ, ಅದು ಸ್ಟಿಕ್ಕರ್ ಅಲ್ಲ, ರಟ್ಟಿನ ಮೇಲೇ ಮುದ್ರಿಸಿದ್ದು. ಅವಳೇ ಡ್ರಾಯರ್‌ನಿಂದ ದಪ್ಪ ಕಪ್ಪು ಮಾರ್ಕರ್ ಕೊಟ್ಟಳು. ಗೀಚಿ ಕೊಟ್ಟೆ. ಅವಳು ಬೆಳಕಿಗೆ ಹಿಡಿದು, ‘ನಂಬರ್ ಇನ್ನೂ ಕಾಣುತ್ತೆ’ ಅಂದಳು. ಇನ್ನೊಂದು ಸಲ ಗೀಚಿದೆ.